ಮೂಟೆ ಇಲ್ಲದ ವ್ಯಾಪಾರಕ್ಕೆ ಮಿತಿ ಬೇಕು

(ರೈತರ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ನೀವು ಮಾಲು ಹೇರಿಕೊಂಡು ಮಂಡಿಗೆ ಹೋಗುತ್ತೀರಿ. ದಲ್ಲಾಳಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಅಂಗೈ ಮೇಲೆ ಹರಡಿ ನೋಡಿ, "ಏನು ಮಾಡೋದು ಗೌಡ್ರೇ, ಮೇಲೆ ಮಾರ್ಕೆಟ್ಟು ಬಿದ್ದುಹೋಗಿದೆ" ಅಂತಾನೆ. ಈ "ಮೇಲೆ" ಅನ್ನುವುದು ಎಲ್ಲಿದೆ? ನಾವು ಯಾರೂ ಕೇಳುವುದಿಲ್ಲ. ದೇವಲೋಕದಲ್ಲಿ ಇದೆಯೇನೋ ಎಂಬಂತೆ ತಲೆ ಅಲ್ಲಾಡಿಸಿ, ಕೊಟ್ಟಷ್ಟು ಎಣಿಸಿಕೊಂಡು ಬರುತ್ತೇವೆ. ಆ ದುಡ್ಡು ಸೊಸೈಟಿಯ ಸಾಲದ ಬಡ್ಡಿಗೂ ಸಾಲದು. ಇವತ್ತು ನಿಮ್ಮ ಮುಂದೆ ಆ "ಮೇಲಿನ" ಮಾರ್ಕೆಟ್ಟಿನ ವಿಷಯ ಹೇಳಬೇಕು ಅಂತ ಬಂದಿದ್ದೇನೆ. ಅದು ದೇವಲೋಕದಲ್ಲಿಲ್ಲ. ಅದಕ್ಕೆ ಕಟ್ಟಡ ಇದೆ, ಮಾಲೀಕರಿದ್ದಾರೆ, ಕಾನೂನೂ ಇದೆ. ಆ ಕಾನೂನಿನ ಒಂದೊಂದು ಕಲಮನ್ನು ಬರೆಯಿಸಲಿಕ್ಕೆ, ಅಳಿಸಲಿಕ್ಕೆ ದೊಡ್ಡ ದೊಡ್ಡ ಕುಳಗಳು ಹತ್ತಾರು ವರ್ಷ ಹೊಡೆದಾಡಿವೆ.

ಮೊದಲು ವಾಯಿದೆ ವ್ಯಾಪಾರ ಅಂದರೆ ಏನು ಅನ್ನುವುದನ್ನು ನೋಡೋಣ. ಅಮೆರಿಕದ ಇಲಿನಾಯ್ ಸೀಮೆಯ ರೈತ ಏಪ್ರಿಲ್, ಮೇ ತಿಂಗಳಲ್ಲಿ ಮೆಕ್ಕೆಜೋಳ ಬಿತ್ತುತ್ತಾನೆ. ಕಟಾವು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಕಟಾವಿನ ಹೊತ್ತಿಗೆ ಬೆಲೆ ಏನಿರುತ್ತದೋ ಅವನಿಗೂ ಗೊತ್ತಿಲ್ಲ, ಅದನ್ನು ಕೊಳ್ಳುವ ಗಿರಣಿಯವನಿಗೂ ಗೊತ್ತಿಲ್ಲ. ಅದಕ್ಕೆ ಶಿಕಾಗೋ ಪೇಟೆಯಲ್ಲಿ ಇಬ್ಬರೂ ಈಗಲೇ ಡಿಸೆಂಬರ್ ತಿಂಗಳ ಬೆಲೆ ಮಾತಾಡಿ ಕರಾರು ಮಾಡಿಕೊಳ್ಳಬಹುದು. ಇದರಲ್ಲಿ ತಪ್ಪೇನೂ ಇಲ್ಲ. ಒಬ್ಬನಿಗೆ ಬೆಲೆ ಬೀಳುವ ಭಯ, ಇನ್ನೊಬ್ಬನಿಗೆ ಏರುವ ಭಯ, ಇಬ್ಬರ ಭಯವೂ ಕಳೆಯಿತು. ಆದರೆ ರೈತ ಮಾರಲು ಬಂದ ದಿನವೇ ಗಿರಣಿಯವನು ಕೊಳ್ಳಲು ಬರುತ್ತಾನೆ ಅಂತ ಏನಿಲ್ಲ. ಮಧ್ಯೆ ಮೂರನೆಯವನೊಬ್ಬ ಬೇಕು. ಅವನ ಹತ್ತಿರ ಹೊಲವಿಲ್ಲ, ಗಿರಣಿಯಿಲ್ಲ, ಗೋದಾಮಿಲ್ಲ. ಬೆಲೆ ಏರುತ್ತದೆ ಅಥವಾ ಬೀಳುತ್ತದೆ ಅಂತ ಒತ್ತೆ ಕಟ್ಟುವವನು. ಇವನೇ ಸಟ್ಟಾದವನು. ಇವನು ಸ್ವಲ್ಪ ಮಟ್ಟಿಗೆ ಬೇಕು, ಒಪ್ಪುತ್ತೇನೆ. ಊಟಕ್ಕೆ ಉಪ್ಪು ಬೇಕಾದ ಹಾಗೆ. ಉಪ್ಪೇ ಊಟವಾದರೆ?

ಇದನ್ನು ನಾನು ಹೊಸದಾಗಿ ಹೇಳುತ್ತಿಲ್ಲ. 1936ರಷ್ಟು ಹಿಂದೆಯೇ ಅಮೆರಿಕದ ಕಾನೂನು ಇದನ್ನು ಹೇಳಿದೆ. ಅತಿಯಾದ ಸಟ್ಟಾದಿಂದ ಬೆಲೆಯಲ್ಲಿ ದಿಢೀರ್ ಏರಿಳಿತ ಆಗುತ್ತದೆ, ಅದು ವ್ಯಾಪಾರದ ಮೇಲೆ ಅನಗತ್ಯವಾದ ಹೊರೆ, ಆದ್ದರಿಂದ ಒಬ್ಬ ಮನುಷ್ಯ ಎಷ್ಟು ಕರಾರು ಹಿಡಿಯಬಹುದು ಎಂಬುದಕ್ಕೆ ಮಿತಿ ಹಾಕಬಹುದು ಅಂತ ಆ ಕಾನೂನಿನಲ್ಲಿದೆ. "ಸಟ್ಟಾ" ಅಂತ ಮಾತ್ರ ಅಲ್ಲ, "ಅತಿಯಾದ ಸಟ್ಟಾ" ಅಂತ ಇದೆ. ಧಾನ್ಯಗಳಿಗೆ ಮಿತಿ ಬಂದದ್ದು 1938ರಲ್ಲಿ. ಈರುಳ್ಳಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆ ಈರುಳ್ಳಿಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಚಿತ್ರದುರ್ಗ, ಗದಗ ಕಡೆಯಿಂದ ಬಂದವರು ಕಿವಿಗೊಟ್ಟು ಕೇಳಿ.

1955ರಲ್ಲಿ ವಿನ್ಸೆಂಟ್ ಕೊಸೂಗ, ಸ್ಯಾಮ್ ಸೀಗೆಲ್ ಎಂಬ ಇಬ್ಬರು ಶಿಕಾಗೋ ಮರ್ಕೆಂಟೈಲ್ ಪೇಟೆಯಲ್ಲಿ ಈರುಳ್ಳಿ ವಾಯಿದೆಗೆ ಇಳಿದರು. ಕೊಸೂಗ ನ್ಯೂಯಾರ್ಕ್ ಸೀಮೆಯ ಪೈನ್ ಐಲೆಂಡ್ ಎಂಬ ಊರಿನವನು. ಅವನೂ ಈರುಳ್ಳಿ ಬೆಳೆಗಾರನೇ! ಬೆಳೆಗಾರನ ಕುತ್ತಿಗೆ ಕೊಯ್ಯುವವನು ಯಾವಾಗಲೂ ಪೇಟೆಯವನೇ ಆಗಿರಬೇಕಿಲ್ಲ, ಇದನ್ನೂ ನೆನಪಿಡಿ. ಇಬ್ಬರೂ ಸೇರಿ ಈರುಳ್ಳಿಯನ್ನೂ ಕೊಂಡರು, ಈರುಳ್ಳಿಯ ಕರಾರನ್ನೂ ಕೊಂಡರು. ಕೊಳ್ಳುತ್ತಾ ಕೊಳ್ಳುತ್ತಾ ಶಿಕಾಗೋದಲ್ಲಿದ್ದ ಈರುಳ್ಳಿಯಲ್ಲಿ ನೂರಕ್ಕೆ 98 ಭಾಗ ಅವರ ಕೈ ಸೇರಿತು. ಲೆಕ್ಕ ಹಾಕಿದರೆ 3 ಕೋಟಿ ಪೌಂಡು, ನಮ್ಮ ತೂಕದಲ್ಲಿ 1 ಲಕ್ಷ 36 ಸಾವಿರ ಕ್ವಿಂಟಾಲ್.

ಆಮೇಲೆ ಏನು ಮಾಡಿದರು? ಬೆಳೆಗಾರರನ್ನು ಕರೆದು, "ನಮ್ಮ ಹತ್ತಿರ ಇಷ್ಟು ಮಾಲಿದೆ. ನೀವು ಇದರಲ್ಲಿ ಒಂದಷ್ಟು ಕೊಳ್ಳಿ, ಇಲ್ಲದಿದ್ದರೆ ಎಲ್ಲವನ್ನೂ ಪೇಟೆಗೆ ಸುರಿದು ಬೆಲೆ ಕೆಡಿಸುತ್ತೇವೆ" ಅಂದರು. ನೋಡಿ, ಈರುಳ್ಳಿ ಬೆಳೆದವನೇ ಈರುಳ್ಳಿ ಕೊಳ್ಳಬೇಕಾಯಿತು! ಬೆಲೆ ಉಳಿದರೆ ಸಾಕು ಅಂತ ಬೆಳೆಗಾರರು ಕೊಂಡರು. ಇತ್ತ ಈ ಇಬ್ಬರು ಸದ್ದಿಲ್ಲದೆ ಬಗಲು ಬದಲಾಯಿಸಿದರು. ಕೊಳ್ಳುವ ಕರಾರು ಬಿಟ್ಟು ಮಾರುವ ಕರಾರು ಹಿಡಿದರು. ಅಂದರೆ, ಇವತ್ತಿನ ಬೆಲೆಗೆ ಮುಂದಿನ ತಿಂಗಳು ಕೊಡುತ್ತೇನೆ ಅಂತ ಮಾತು ಕೊಟ್ಟು, ಮುಂದಿನ ತಿಂಗಳು ಬೆಲೆ ಪಾತಾಳಕ್ಕೆ ಬಿದ್ದಾಗ ಕೊಂಡು ಕೊಡುವುದು. ಬೆಲೆ ಎಷ್ಟು ಬಿದ್ದರೆ ಅಷ್ಟು ಲಾಭ. ಹಳೆ ದಾಸ್ತಾನು ಮೊಳಕೆ ಒಡೆಯುತ್ತಿತ್ತು. ಅದನ್ನು ರೈಲಿನಲ್ಲಿ ಶಿಕಾಗೋದಿಂದ ಹೊರಗೆ ಕಳಿಸಿ, ಸಿಪ್ಪೆ ತೆಗೆಸಿ, ಹೊಸ ಚೀಲಕ್ಕೆ ತುಂಬಿಸಿ ಮತ್ತೆ ಶಿಕಾಗೋಕ್ಕೇ ತರಿಸಿದರು. ರೈಲಿನಲ್ಲಿ ಬರುವ ಈರುಳ್ಳಿ ನೋಡಿ ಪೇಟೆಯವರು, ಅಯ್ಯೋ, ಇನ್ನೂ ಇಷ್ಟು ಮಾಲಿದೆಯಾ ಅಂತ ಹೆದರಿ ಮಾರತೊಡಗಿದರು.

1955ರ ಆಗಸ್ಟಿನಲ್ಲಿ 50 ಪೌಂಡಿನ ಚೀಲಕ್ಕೆ 2 ಡಾಲರ್ 75 ಸೆಂಟ್ ಇತ್ತು. 1956ರ ಮಾರ್ಚಿಯಲ್ಲಿ ಅದೇ ಚೀಲಕ್ಕೆ 10 ಸೆಂಟ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 27 ರೂಪಾಯಿ 50 ಪೈಸೆಗೆ ಹೋಗುತ್ತಿದ್ದ ಮಾಲು ಒಂದು ರೂಪಾಯಿಗೆ. ಒಳಗಿನ ಈರುಳ್ಳಿಗಿಂತ ಖಾಲಿ ಚೀಲಕ್ಕೇ ಬೆಲೆ ಹೆಚ್ಚು. ಎಷ್ಟೋ ಬೆಳೆಗಾರರು ದಿವಾಳಿಯಾದರು. ಮಳೆ ಕೈ ಕೊಟ್ಟಿರಲಿಲ್ಲ, ರೋಗ ಬಂದಿರಲಿಲ್ಲ, ತಿನ್ನುವವರು ತಿನ್ನುವುದನ್ನು ಬಿಟ್ಟಿರಲಿಲ್ಲ.

ಇದರಲ್ಲಿ ಇನ್ನೊಂದು ಸಣ್ಣ ಸಂಗತಿ ಇದೆ. ಕೊಸೂಗನಿಂದ 50 ರೈಲು ಗಾಡಿ ಈರುಳ್ಳಿ ಕೊಂಡು ಹಣ ಬಾಕಿ ಉಳಿಸಿಕೊಂಡ ಒಬ್ಬಾತ, ಈ ಒಪ್ಪಂದವೇ ಅಕ್ರಮ, ನಾನು ಹಣ ಕೊಡುವುದಿಲ್ಲ ಅಂತ ಕೋರ್ಟಿನಲ್ಲಿ ವಾದಿಸಿದ. 1959ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಏನು ಹೇಳಿತು ಗೊತ್ತೇ? ಕೊಂಡ ಮಾಲಿನ ಹಣ ಕೊಡಲೇಬೇಕು. ಸಾಲಗಾರನ ಪಾಡು ಎಲ್ಲ ಊರಲ್ಲೂ ಒಂದೇ.

ಬೆಳೆಗಾರರು ಸುಮ್ಮನಿರಲಿಲ್ಲ. ಮಿಷಿಗನ್ ಸೀಮೆಯ ಸಂಸತ್ ಸದಸ್ಯ ಜೆರಾಲ್ಡ್ ಫೋರ್ಡ್ (ಮುಂದೆ ಅಧ್ಯಕ್ಷರಾದವರು ಇವರೇ) ಮಸೂದೆ ತಂದರು. ಪೇಟೆಯ ಅಧ್ಯಕ್ಷರು, ಇಲಿ ಇದೆ ಅಂತ ಕಣಜಕ್ಕೆ ಬೆಂಕಿ ಇಡುತ್ತೀರಾ ಅಂತ ಕೂಗಾಡಿದರು. ಆದರೂ 1958ರ ಆಗಸ್ಟಿನಲ್ಲಿ ಕಾನೂನು ಪಾಸಾಯಿತು. ಅಂದಿನಿಂದ ಅಮೆರಿಕದಲ್ಲಿ ಈರುಳ್ಳಿಗೆ ವಾಯಿದೆ ವ್ಯಾಪಾರವೇ ಇಲ್ಲ. ಗೋಧಿಗಿದೆ, ಹತ್ತಿಗಿದೆ, ಹಂದಿ ಮಾಂಸಕ್ಕೂ ಇದೆ, ಈರುಳ್ಳಿಗೆ ಮಾತ್ರ ಇಲ್ಲ.

ಹಾಗಾದರೆ ನಿಷೇಧವೇ ಔಷಧಿಯೇ? ಅಲ್ಲ. ಇಲ್ಲಿ ನಾವು ಪ್ರಾಮಾಣಿಕವಾಗಿ ಮಾತಾಡಬೇಕು. ನಿಷೇಧ ಆದ ಮೇಲೂ ಅಲ್ಲಿ ಈರುಳ್ಳಿ ಬೆಲೆ ಏರಿಳಿದಿದೆ. ನಿಷೇಧದಿಂದ ಏರಿಳಿತ ಹೆಚ್ಚಾಯಿತು ಅನ್ನುವ ಅರ್ಥಶಾಸ್ತ್ರಜ್ಞರಿದ್ದಾರೆ, ವ್ಯತ್ಯಾಸವೇ ಆಗಲಿಲ್ಲ ಅನ್ನುವವರೂ ಇದ್ದಾರೆ. ನಮ್ಮ ತೊಗರಿಯನ್ನೇ ನೋಡಿ. 2007ರ ಜನವರಿಯಲ್ಲಿ ತೊಗರಿ, ಉದ್ದಿನ ವಾಯಿದೆ ನಿಲ್ಲಿಸಿದರು. ಆದರೆ 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಅದನ್ನು ನೋಡಿ ಕಲಬುರಗಿ ಕಡೆಯವರು ಎಲ್ಲ ಕಡೆ ತೊಗರಿ ಹಾಕಿದರು. 2016-17ರ ಸುಗ್ಗಿಯಲ್ಲಿ 5,050 ರೂಪಾಯಿ ಬೆಂಬಲ ಬೆಲೆಯೂ ಪೇಟೆಯಲ್ಲಿ ಹುಟ್ಟಲಿಲ್ಲ. ವಾಯಿದೆ ಇರಲಿಲ್ಲ, ಆದರೂ ರೈತ ಮುಳುಗಿದ. ಆದ್ದರಿಂದ ಎಲ್ಲ ಪಾಪವನ್ನೂ ವಾಯಿದೆಯ ತಲೆಗೆ ಕಟ್ಟುವ ಭಾಷಣ ಮಾಡಲಿಕ್ಕೆ ನಾನು ಬಂದಿಲ್ಲ. ನನ್ನ ಮಾತು ಮಿತಿಯ ಬಗ್ಗೆ.

ಮಿತಿ ಹಾಕಿದರೆ ಸಾಲದು, ಮಿತಿ ತಪ್ಪಿಸುವ ದಾರಿಯನ್ನೂ ಮುಚ್ಚಬೇಕು. ಟೆಕ್ಸಾಸಿನ ಹಂಟ್ ಸಹೋದರರು ಎಣ್ಣೆ ಬಾವಿಯ ಶ್ರೀಮಂತರು. ಸೋಯಾಬೀನ್ ವಾಯಿದೆಯಲ್ಲಿ ಒಬ್ಬರಿಗೆ 30 ಲಕ್ಷ ಬುಷೆಲ್ ಮಿತಿ ಇತ್ತು. 1977ರಲ್ಲಿ ಹಂಟ್ ಮನೆತನದ ಕೈಯಲ್ಲಿ 2 ಕೋಟಿ 30 ಲಕ್ಷ ಬುಷೆಲ್ ಇತ್ತು. ಕೇಳಿದರೆ, ಇದು ಅಣ್ಣನದು, ಇದು ತಮ್ಮನದು, ಇದು ಮಕ್ಕಳದು, ಎಲ್ಲ ಬೇರೆ ಬೇರೆ ಲೆಕ್ಕ ಅಂದರು! (ನಗಬೇಡಿ. ಭೂಮಿತಿ ಕಾಯಿದೆ ಬಂದಾಗ ನಮ್ಮ ಊರುಗಳಲ್ಲಿ ಎತ್ತಿನ ಹೆಸರಿಗೊಂದು ಬಿಟ್ಟು ಮಿಕ್ಕವರೆಲ್ಲರ ಹೆಸರಿಗೂ ಪಹಣಿ ಆಗಿದ್ದು ನಿಮಗೂ ಗೊತ್ತು, ನನಗೂ ಗೊತ್ತು.) ಕೋರ್ಟು ಒಪ್ಪಲಿಲ್ಲ. ಕೂಡಿ ಆಡಿದವರನ್ನು ಒಬ್ಬನೇ ಅಂತ ಲೆಕ್ಕ ಹಾಕಬೇಕು ಅಂತ 1979ರಲ್ಲಿ ತೀರ್ಪಾಯಿತು. ಅಷ್ಟರಲ್ಲಿ ಅವರು ಬೆಳ್ಳಿಗೆ ಕೈ ಹಾಕಿಯಾಗಿತ್ತು. 1979ರ ಆರಂಭದಲ್ಲಿ ಔನ್ಸಿಗೆ 6 ಡಾಲರ್ ಇದ್ದ ಬೆಳ್ಳಿ 1980ರ ಜನವರಿಯಲ್ಲಿ 50 ಡಾಲರ್ ಹತ್ತಿರ ಹೋಯಿತು. ಪೇಟೆಯವರು ಮಿತಿ ಬಿಗಿ ಮಾಡಿದರು. ಮಾರ್ಚ್ 27ರಂದು ಬೆಲೆ 11 ಡಾಲರಿಗಿಂತ ಕೆಳಗಿತ್ತು.

ಈಗ ಎಣ್ಣೆಗೆ ಬರೋಣ. ಎಣ್ಣೆ ನಮಗ್ಯಾಕೆ ಅನ್ನಬೇಡಿ. ಟ್ರ್ಯಾಕ್ಟರಿಗೆ ಡೀಸೆಲ್, ಗೊಬ್ಬರಕ್ಕೆ ಗ್ಯಾಸು, ಮಾಲು ಸಾಗಿಸಲು ಲಾರಿ ಬಾಡಿಗೆ, ಎಲ್ಲಕ್ಕೂ ಬುಡ ಅದೇ.

2000ದ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಂದು ಕಾನೂನು ಬಂತು. ಕಂಪ್ಯೂಟರ್ ಮೂಲಕ ದೊಡ್ಡವರು ತಮ್ಮತಮ್ಮಲ್ಲೇ ಮಾಡುವ ಎಣ್ಣೆ, ಗ್ಯಾಸಿನ ವಾಯಿದೆಗೆ ಸರ್ಕಾರದ ಉಸ್ತುವಾರಿ ಬೇಡ ಅಂತ ಅದರಲ್ಲಿ ಒಂದು ಕಿಂಡಿ ಬಿಟ್ಟರು. ಆ ಕಿಂಡಿಗೆ ಜನ "ಎನ್ರಾನ್ ಕಿಂಡಿ" ಅಂತಲೇ ಹೆಸರಿಟ್ಟರು. ಎನ್ರಾನ್ ಕಂಪನಿ ಮರುವರ್ಷವೇ ದಿವಾಳಿ ಎದ್ದಿತು. ಕಿಂಡಿ ಮಾತ್ರ ಉಳಿಯಿತು. 2006ರಲ್ಲಿ ಅಮರಾಂತ್ ಎಂಬ ಹಣಕೂಟ ನೈಸರ್ಗಿಕ ಗ್ಯಾಸಿನ ವಾಯಿದೆಯಲ್ಲಿ ಎಷ್ಟು ಹಿಡಿಯಿತೆಂದರೆ, ನ್ಯೂಯಾರ್ಕ್ ಪೇಟೆಯ ಚಳಿಗಾಲದ ಕರಾರುಗಳಲ್ಲಿ ಒಮ್ಮೊಮ್ಮೆ ನೂರಕ್ಕೆ 40ರಷ್ಟು ಅದೊಂದರದ್ದೇ. ಆಗಸ್ಟಿನಲ್ಲಿ ಪೇಟೆಯವರು, ಇದು ಅತಿಯಾಯಿತು, ಇಳಿಸು ಅಂದರು. ಅದು ಇಳಿಸಿತು. ಇಲ್ಲಿ ಇಳಿಸಿ, ಅದೇ ಕರಾರನ್ನು ಉಸ್ತುವಾರಿ ಇಲ್ಲದ ಕಂಪ್ಯೂಟರ್ ಪೇಟೆಯಲ್ಲಿ ಏರಿಸಿತು. ಒಂದು ಗದ್ದೆಯಿಂದ ಓಡಿಸಿದ ದನ ಪಕ್ಕದ ಬೇಲಿಯಿಲ್ಲದ ಗದ್ದೆಗೆ ನುಗ್ಗಿದ ಹಾಗೆ. ಸೆಪ್ಟೆಂಬರಿನಲ್ಲಿ ಸುಮಾರು 600 ಕೋಟಿ ಡಾಲರ್ ಕಳೆದುಕೊಂಡು ಮುಳುಗಿತು. ಅದು ಮುಳುಗಿದ್ದಕ್ಕೆ ನನಗೇನೂ ದುಃಖವಿಲ್ಲ. ಆದರೆ ಅದು ಏರಿಸಿದ ಬೆಲೆಯಲ್ಲಿ ಚಳಿಗಾಲಕ್ಕೆ ಗ್ಯಾಸು ಕಾದಿರಿಸಿದವರ ಹಣ ವಾಪಸು ಬರಲಿಲ್ಲ. ಸೆನೆಟರ್ ಕಾರ್ಲ್ ಲೆವಿನ್ ಅವರ ಸಮಿತಿ 2007ರಲ್ಲಿ ಇದನ್ನೆಲ್ಲ ಬಯಲು ಮಾಡಿತು. 2008ರಲ್ಲಿ ಕೃಷಿ ಮಸೂದೆಯ ಜೊತೆ ಸೇರಿಸಿ ಆ ಕಿಂಡಿ ಮುಚ್ಚಿದರು.

2007ರ ಜನವರಿಯಲ್ಲಿ ಕಚ್ಚಾ ಎಣ್ಣೆ ಪೀಪಾಯಿಗೆ ಸುಮಾರು 50 ಡಾಲರ್. 2008ರ ಜುಲೈ 11ರಂದು 147 ಡಾಲರ್. ಅದೇ ಡಿಸೆಂಬರಿನಲ್ಲಿ 35ಕ್ಕಿಂತ ಕೆಳಗೆ. ಹದಿನೆಂಟು ತಿಂಗಳಲ್ಲಿ ಪ್ರಪಂಚ ಮೂರು ಪಟ್ಟು ಎಣ್ಣೆ ಕುಡಿಯಿತೇ? ಚೀನಾದ ಬೇಡಿಕೆಯೇ ಕಾರಣ, ಪೂರೈಕೆ ಸಾಲದ್ದೇ ಕಾರಣ ಅಂತ ಅಮೆರಿಕ ಸರ್ಕಾರದ ಇಲಾಖೆಗಳೇ ಕೂಡಿ ಅದೇ ಜುಲೈನಲ್ಲಿ ವರದಿ ಕೊಟ್ಟವು. ಅದರಲ್ಲೂ ನಿಜವಿದೆ. ಆದರೆ ಬೇಡಿಕೆ ಆರು ತಿಂಗಳಲ್ಲಿ ಮುಕ್ಕಾಲು ಭಾಗ ಕುಸಿಯಲಿಲ್ಲವಲ್ಲ, ಬೆಲೆ ಕುಸಿಯಿತು.

ಆ 2008 ನಿಮಗೆ ಮರೆತಿರಲಾರದು. 2007ರ ಆರಂಭದಲ್ಲಿ ಟನ್ನಿಗೆ 300 ಡಾಲರಿನ ಒಳಗಿದ್ದ ಡಿ.ಎ.ಪಿ. ಗೊಬ್ಬರ ಹೊರದೇಶದ ಪೇಟೆಯಲ್ಲಿ 1,000 ಡಾಲರ್ ದಾಟಿತ್ತು. ಅದೇ ಜೂನಿನಲ್ಲಿ ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿತು, ಜೀವ ಹೋಯಿತು. ಗುಂಡು ಹಾರಿಸಿದ್ದು ಶಿಕಾಗೋದವರು ಅಂತ ನಾನು ಹೇಳುವುದಿಲ್ಲ. ಅದಕ್ಕೆ ಜವಾಬ್ದಾರರು ಇಲ್ಲೇ ಇದ್ದರು. ಆದರೆ ಹಾವೇರಿಯ ಗೊಬ್ಬರದಂಗಡಿ ಮುಂದೆ ನಿಂತ ಸಾಲಿಗೂ ಆ "ಮೇಲಿನ" ಮಾರ್ಕೆಟ್ಟಿಗೂ ಸಂಬಂಧವೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಲೆವಿನ್ ಸಮಿತಿ 2009ರ ಜೂನಿನಲ್ಲಿ ಗೋಧಿಯ ಮೇಲೂ ಒಂದು ವರದಿ ಕೊಟ್ಟಿತು. ಶಿಕಾಗೋ ಗೋಧಿಯಲ್ಲಿ ಒಬ್ಬರಿಗೆ 6,500 ಕರಾರಿನ ಮಿತಿ. ಒಂದು ಕರಾರು 5,000 ಬುಷೆಲ್, ಅಂದರೆ 1,360 ಕ್ವಿಂಟಾಲ್. ಮಿತಿಯೇ 88 ಲಕ್ಷ ಕ್ವಿಂಟಾಲ್ ಆಯಿತು! ಇದೂ ಸಾಲದು ಅಂತ ಸೂಚ್ಯಂಕದ ಹೆಸರಲ್ಲಿ ಹಣ ಹೂಡುವ ಸಂಸ್ಥೆಗಳಿಗೆ ರಿಯಾಯಿತಿ ಕೊಟ್ಟಿದ್ದರು, ಒಂದಕ್ಕಂತೂ 53,000 ಕರಾರಿನವರೆಗೆ. ಇವರು ಗೋಧಿಯ ಕಾಳು ಕಂಡವರಲ್ಲ. ಪಿಂಚಣಿ ನಿಧಿಗಳ ಹಣ ತಂದು, ಬೆಲೆ ಎಷ್ಟೇ ಇರಲಿ, ಕೊಂಡು ಕೊಂಡು ಇಟ್ಟವರು. 2004ರಲ್ಲಿ ಸುಮಾರು 30,000 ಇದ್ದ ಇಂಥವರ ಗೋಧಿ ಕರಾರು 2008ರ ಮಧ್ಯಕ್ಕೆ 2,20,000 ಆಯಿತು.

ಇದರಿಂದ ಅಲ್ಲಿನ ರೈತನಿಗೆ ಲಾಭ ಆಗಬೇಕಿತ್ತಲ್ಲ, ಬೆಲೆ ಏರಿತಲ್ಲ, ಅಂತ ಕೇಳುತ್ತೀರಿ. ಒಳ್ಳೆ ಪ್ರಶ್ನೆ. ಏರಿದ್ದು ಕಾಗದದ ಬೆಲೆ. ಕರಾರಿನ ಕೊನೆಯ ದಿನ ಕಾಗದದ ಬೆಲೆಯೂ ಗೋದಾಮಿನ ಬೆಲೆಯೂ ಒಂದಾಗಬೇಕು. ವಾಯಿದೆಯ ಜೀವವೇ ಅದರಲ್ಲಿದೆ. 2008ರಲ್ಲಿ ಅವೆರಡರ ನಡುವೆ ಬುಷೆಲ್ಲಿಗೆ ಒಂದು ಡಾಲರಿಗೂ ಮೀರಿ ಅಂತರ ಉಳಿಯಿತು. ಮುಂಚೆಯೇ ಬೆಲೆ ಕಟ್ಟಿಕೊಂಡಿದ್ದ ರೈತನಿಗೂ, ಅವನ ಮಾಲು ಕೊಳ್ಳುವ ಗೋದಾಮಿನವನಿಗೂ ಕಾಗದದ ಬೆಲೆ ಏರಿದಷ್ಟೂ ದಿನದಿನವೂ ಠೇವಣಿ ತುಂಬು ಅಂತ ಪೇಟೆಯಿಂದ ಕರೆ ಬರುತ್ತಿತ್ತು. ಠೇವಣಿಗೆ ಬ್ಯಾಂಕ್ ಸಾಲ. ಸಾಲಕ್ಕೆ ಬಡ್ಡಿ. ಕೊನೆಗೆ ಕೆಲವು ಗೋದಾಮಿನವರು ರೈತರಿಗೆ ಮುಂಗಡ ಬೆಲೆ ಹೇಳುವುದನ್ನೇ ನಿಲ್ಲಿಸಿದರು. ಭಯ ಕಳೆಯಲೆಂದು ಕಟ್ಟಿದ ಪೇಟೆ ರೈತನಿಗೇ ಬಾಗಿಲು ಹಾಕಿತು.

ಮುಂದಿನದನ್ನು ಬೇಗ ಹೇಳುತ್ತೇನೆ. 2010ರ ಜುಲೈನಲ್ಲಿ ಅಲ್ಲಿನ ಸಂಸತ್ತು, ಎಣ್ಣೆ ಗ್ಯಾಸು ಸೇರಿಸಿ ಮಿತಿ ಹಾಕಿ ಅಂತ ಸಿ.ಎಫ್.ಟಿ.ಸಿ. ಎಂಬ ಆಯೋಗಕ್ಕೆ ಹೇಳಿತು. ಆಯೋಗ 2011ರಲ್ಲಿ ನಿಯಮ ಮಾಡಿತು. ಬ್ಯಾಂಕುಗಳ ಸಂಘಗಳು ಕೋರ್ಟಿಗೆ ಹೋದವು. ಮಿತಿ ಅಗತ್ಯ ಅಂತ ಆಯೋಗ ಮೊದಲು ತೋರಿಸಿಲ್ಲ ಅಂತ 2012ರ ಸೆಪ್ಟೆಂಬರಿನಲ್ಲಿ ನಿಯಮ ರದ್ದಾಯಿತು. ಮತ್ತೆ ಕರಡು, ಮತ್ತೆ ಆಕ್ಷೇಪಣೆ. ಕೊನೆಗೆ ನಿಯಮ ಬಂದದ್ದು 2020ರ ಅಕ್ಟೋಬರಿನಲ್ಲಿ, 25 ಸರಕುಗಳಿಗೆ. ಅದರಲ್ಲಿ ಶಿಕಾಗೋ ಗೋಧಿಯ ಮಿತಿ 19,300 ಕರಾರು. 6,500 ಇದ್ದದ್ದು, ನೆನಪಿದೆಯಲ್ಲ? ಮಿತಿ ಹಾಕುತ್ತೇವೆ ಅಂತ ಹತ್ತು ವರ್ಷ ಹೊಡೆದಾಡಿ ಮಿತಿಯನ್ನೇ ಮೂರು ಪಟ್ಟು ಮಾಡಿದರು!

ಆ ವರ್ಷವೇ ಏಪ್ರಿಲ್ 20ರಂದು ಅಮೆರಿಕದಲ್ಲಿ ಎಣ್ಣೆ ವಾಯಿದೆ ಬೆಲೆ ಸೊನ್ನೆಗಿಂತ ಕೆಳಗೆ, ಮೈನಸ್ 37 ಡಾಲರಿಗೆ ಇಳಿದಿತ್ತು. ಕರಾರು ಹಿಡಿದವನ ಹತ್ತಿರ ಎಣ್ಣೆ ತುಂಬಿಸಲು ಟ್ಯಾಂಕಿಲ್ಲ, ಯಾರಾದರೂ ತೆಗೆದುಕೊಂಡು ಹೋಗಿ, ನಾನೇ ದುಡ್ಡು ಕೊಡುತ್ತೇನೆ ಅನ್ನುವ ಸ್ಥಿತಿ. ಮುಂಬಯಿಯ ಎಂ.ಸಿ.ಎಕ್ಸ್. ಪೇಟೆಯಲ್ಲೂ ಆ ಬೆಲೆಗೇ ಲೆಕ್ಕ ಚುಕ್ತಾ ಆಯಿತು, ಪೀಪಾಯಿಗೆ ಮೈನಸ್ 2,884 ರೂಪಾಯಿ. ನಿಮ್ಮ ಬಂಕಿನಲ್ಲಿ ಡೀಸೆಲ್ ಬಿಟ್ಟಿ ಕೊಟ್ಟರೇ? ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಲೀಟರ್ ಡೀಸೆಲ್ ಮೇಲೆ 13 ರೂಪಾಯಿ ಸುಂಕ ಏರಿಸಿತು.

ಇನ್ನು ನಮ್ಮ ದೇಶದ ಮಾತು. ಇಲ್ಲಿ ಕಾಗದದ ಮೇಲೆ ಮಿತಿ ಸಾಕಷ್ಟು ಬಿಗಿಯಾಗಿಯೇ ಇದೆ. 2017ರಲ್ಲಿ ಸೆಬಿ ಹೊರಡಿಸಿದ ಆದೇಶದಲ್ಲಿ ಒಬ್ಬ ಗಿರಾಕಿಗೆ ಸರಕಿಗೆ ತಕ್ಕ ಹಾಗೆ ವರ್ಷದ ಲಭ್ಯ ಮಾಲಿನ ನೂರಕ್ಕೆ ಒಂದು, ಅರ್ಧ, ಕಾಲು ಭಾಗ ಅಂತ ಇತ್ತು. ಆದರೆ ಬೆಲೆ ಏರಿದ ಕೂಡಲೇ ದೆಹಲಿಯವರಿಗೆ ಮಿತಿ ಸಾಲದು, ಪೇಟೆಗೇ ಬೀಗ ಬೇಕು. 2007ರಲ್ಲಿ ಗೋಧಿ, ಅಕ್ಕಿ ನಿಲ್ಲಿಸಿದರು. 2008ರಲ್ಲಿ ಕಡಲೆ, ಆಲೂಗಡ್ಡೆ, ಸೋಯಾ ಎಣ್ಣೆ, ರಬ್ಬರ್. ಅಭಿಜಿತ್ ಸೆನ್ ಸಮಿತಿ ಅದೇ ವರ್ಷ, ವಾಯಿದೆಯಿಂದಲೇ ಬೆಲೆ ಏರಿತು ಅಂತ ಖಚಿತವಾಗಿ ಹೇಳಲಾಗುವುದಿಲ್ಲ ಅಂದರೂ ಕೇಳಲಿಲ್ಲ. 2021ರ ಡಿಸೆಂಬರಿನಲ್ಲಿ ಭತ್ತ, ಗೋಧಿ, ಕಡಲೆ, ಸಾಸಿವೆ, ಸೋಯಾಬೀನ್, ತಾಳೆ ಎಣ್ಣೆ, ಹೆಸರು, ಏಳೂ ಬಂದ್. ಒಂದು ವರ್ಷಕ್ಕೆ ಅಂತ ಹೇಳಿ, ಮತ್ತೆ ಮತ್ತೆ ಗಡುವು ಮುಂದೂಡಿದರು.

ಇವೆಲ್ಲ ಆದದ್ದು ಬೆಲೆ ಏರಿದಾಗ. ಬೆಲೆ ಬಿದ್ದಾಗ, ಯಾರಾದರೂ ಬೇಕೆಂದೇ ಬೀಳಿಸುತ್ತಿದ್ದಾರೆಯೇ, ಮಾರುವ ಕರಾರು ಯಾರ ಕೈಯಲ್ಲಿ ಗುಡ್ಡೆಯಾಗಿದೆ ಅಂತ ಇಷ್ಟೇ ಅವಸರದಲ್ಲಿ ಎಂದಾದರೂ ವಿಚಾರಿಸಿದ್ದಾರೆಯೇ? ಶಿಕಾಗೋದ ಈರುಳ್ಳಿ ಕಥೆಯನ್ನು ಇಷ್ಟು ಹೊತ್ತು ಹೇಳಿದ್ದು ಅದಕ್ಕೇ. ಆ ಕಾನೂನು ಬಂದದ್ದು ಪೇಟೆಯ ಗಿರಾಕಿ ಕೂಗಿದ್ದಕ್ಕಲ್ಲ, ಬೆಳೆಗಾರ ಕೂಗಿದ್ದಕ್ಕೆ, ಬೆಲೆ ಬಿದ್ದದ್ದಕ್ಕೆ.

ಹಾಗಾದರೆ ನಾವು ಏನು ಕೇಳಬೇಕು? ಪೇಟೆ ಮುಚ್ಚಿ ಅಂತ ಕೇಳುವುದು ಬೇಡ. ಮುಚ್ಚಿದರೆ ದಲ್ಲಾಳಿ ಹೇಳಿದ್ದೇ ಬೆಲೆ. ತೆರೆದು, ಮಿತಿಯನ್ನು ಎರಡೂ ಕಡೆ ನಡೆಸಿ ಅಂತ ಕೇಳಬೇಕು, ಏರಿಸುವವನಿಗೂ, ಬೀಳಿಸುವವನಿಗೂ. ಅಣ್ಣ, ತಮ್ಮ, ಅಳಿಯ, ಬೇನಾಮಿ ಕಂಪನಿ, ಎಲ್ಲ ಸೇರಿಸಿ ಒಂದೇ ಲೆಕ್ಕ ಹಾಕಬೇಕು. ಮಾಲು ಇರುವವನಿಗೆ ಮಿತಿಯಲ್ಲಿ ರಿಯಾಯಿತಿ ಕೊಡುವುದು ಸರಿ, ಆದರೆ ಮಾಲು ಇದೆ ಅಂತ ತೋರಿಸಿದ ಮೇಲೆ. ಒಪ್ಪಿಸುವ ಗೋದಾಮು ಇಂದೋರಿನಲ್ಲೋ ಅಕೋಲದಲ್ಲೋ ಇದ್ದರೆ ಕಲಬುರಗಿಯವನಿಗೆ ಏನು ಬಂತು? ಅದು ನಮ್ಮ ಜಿಲ್ಲೆಯಲ್ಲೇ ಇರಬೇಕು. ಠೇವಣಿ ತುಂಬುವ ಶಕ್ತಿ ಒಬ್ಬೊಬ್ಬ ರೈತನಿಗೆ ಇಲ್ಲ, ಸೊಸೈಟಿಗಳ ಮೂಲಕ ಇಳಿಯಲು ಅವಕಾಶ, ಅದಕ್ಕೆ ಕಡಿಮೆ ಬಡ್ಡಿಯ ಹಣ ಬೇಕು. ಇದು ಆಗದಿದ್ದರೆ ಮಿಕ್ಕದ್ದೆಲ್ಲ ನಮ್ಮ ಪಾಲಿಗೆ ಓದುವ ಪಾಠವಷ್ಟೇ.

ಇನ್ನೊಂದು, ಖರ್ಚಿಲ್ಲದ ಕೆಲಸ. ಅಮೆರಿಕದ ಆಯೋಗ ಪ್ರತಿ ಶುಕ್ರವಾರ ಒಂದು ಪಟ್ಟಿ ಹೊರಡಿಸುತ್ತದೆ. ಆ ವಾರದ ಮಂಗಳವಾರದ ಲೆಕ್ಕಕ್ಕೆ, ಯಾವ ಸರಕಿನಲ್ಲಿ ಮಾಲು ಇರುವವರು ಎಷ್ಟು ಹಿಡಿದಿದ್ದಾರೆ, ಹಣಕೂಟಗಳು ಎಷ್ಟು, ಕೊಳ್ಳುವ ಕಡೆ ಎಷ್ಟು, ಮಾರುವ ಕಡೆ ಎಷ್ಟು. ದೊಡ್ಡ ನಾಲ್ಕು ಜನರ ಕೈಯಲ್ಲೇ ನೂರಕ್ಕೆ ಎಷ್ಟು ಅನ್ನುವುದೂ ಅದರಲ್ಲಿರುತ್ತದೆ. ಇಂಥ ಪಟ್ಟಿ ನಮ್ಮ ಸರಕುಗಳಿಗೂ ವಾರವಾರ, ಕನ್ನಡದಲ್ಲಿ, ಎ.ಪಿ.ಎಂ.ಸಿ. ಯಾರ್ಡಿನ ಬೆಲೆ ಬರೆಯುವ ಹಲಗೆ ಪಕ್ಕದಲ್ಲೇ ಬರಬೇಕು. ನಿಮ್ಮ ನಿಮ್ಮ ತಾಲ್ಲೂಕಿನ ಎ.ಪಿ.ಎಂ.ಸಿ. ಕಾರ್ಯದರ್ಶಿಗೆ ಈ ತಿಂಗಳೇ ಅರ್ಜಿ ಬರೆಯಿರಿ. ಸ್ವೀಕೃತಿ ಸಹಿ ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ.